ಅಕ್ಕ ನಿಲ್ಲಿಸಿದ ಮದ್ದು

೧

ಮೊದಲು ಬರೆದ ವಾಕ್ಯ ಇದು: ‘ಏಳು ಬಾಗಿಲುಗಳಾಚೆ ಒಂದು ತಣ್ಣನೆಯ ಅರಮನೆ, ಅಲ್ಲಿ ಹನ್ನೆರಡು ಜನ ಶಾಪಕ್ಕೆ ಸಿಕ್ಕಿ ಮಲಗಿದ್ದರು, ಅವರ ನಡುವೆ ಎಚ್ಚರವಾಗಿ ಓಡಾಡುತ್ತಿದ್ದವಳು ಒಬ್ಬಳೇ, ನನ್ನ ಅಕ್ಕ.’

ಅಕ್ಕನಿಗೆ ತೋರಿಸಿದೆ. ಅವಳು ಏನನ್ನೂ ಸುಮ್ಮನೆ ಓದುವವಳಲ್ಲ, ಕೆಂಪು ಪೆನ್ನಿನ ಮುಚ್ಚಳ ತೆಗೆದೇ ಓದುವವಳು.

“ಬಾಗಿಲು ಎರಡು. ಹನ್ನೆರಡು ಬೆಡ್ಡಲ್ಲಿ ನಾಲ್ಕು ಜನ ಎಚ್ಚರವಾಗಿದ್ದಾರೆ, ಅದರಲ್ಲಿ ಒಬ್ಬರು ಬೆಳಗ್ಗೆಯಿಂದ ಸಂಜೆವರೆಗೆ ನಮ್ಮನ್ನೆಲ್ಲ ಬೈತಾನೇ ಇರ್ತಾರೆ. ಎಚ್ಚರವಾಗಿರೋಳು ನಾನೊಬ್ಬಳೇ ಅಂತ ಬರೆದ್ರೆ ನಾಳೆ ಸಿಸ್ಟರ್‌ಗಳು ನನ್ನನ್ನ ಒಳಗೆ ಬಿಟ್ಕೊಳ್ಳಲ್ಲ. ಶಾಪ ಯಾರು ಕೊಟ್ಟಿದ್ದು?”

“ಅದು ಕತೆ ಕಣೇ.”

“ಕತೆಯಾದ್ರೆ ತಲೆಬುಡ ಬೇಡ್ವಾ?”

ಹೊಡೆದು ಹಾಕಿದಳು. ಒಂದೇ ಗೆರೆ, ನೇರವಾಗಿ, ಕೆಳಗಿನ ಅಕ್ಷರ ಓದುವ ಹಾಗೆ, ಪಕ್ಕದಲ್ಲಿ ಸಹಿ. ಅವರ ಆಸ್ಪತ್ರೆಯಲ್ಲಿ ತಪ್ಪನ್ನು ಹೀಗೇ ಹೊಡೆಯಬೇಕಂತೆ. ಗೀಚಿ ಮಸಿ ಮಾಡುವಂತಿಲ್ಲ. ಏನು ತಪ್ಪಿತ್ತು ಅನ್ನುವುದೂ ಉಳಿಯಬೇಕು.

(ಓದುಗರೇ, ಅದಕ್ಕೇ ಆ ವಾಕ್ಯವನ್ನು ಇಲ್ಲಿ ಬಿಟ್ಟಿದ್ದೇನೆ. ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಳ್ಳಿ.)

೨

ಇನ್ನೊಂದು ಪ್ರಾರಂಭ. ನಮ್ಮ ಚಿಕ್ಕಮ್ಮನಿಂದ ಹೊರಡಬಹುದು. ಚಿಕ್ಕಮ್ಮ ಎದುರು ಸಿಕ್ಕಾಗಲೆಲ್ಲ ಅಕ್ಕನನ್ನು ಕೇಳುವುದು: “ಎಷ್ಟು ಓದಿದ್ರೂ ಕೊನೆಗೆ ಚೀಟಿ ನೋಡಿ ಡಬ್ಬಿ ತೆಗೆದು ಕೊಡೋದೇ ಅಲ್ವೇನೇ? ಇರ್ಲಿ, ನನ್ನ ಮಂಡಿನೋವಿಗೆ ಯಾವ ಮಾತ್ರೆ ಹೇಳು.” ಅಕ್ಕ ನಗುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಈ ಕತೆ ಹುಟ್ಟಿದ್ದು ಆ ಉರಿಯಿಂದ ಅಂತ ಬರೆದುಕೊಂಡರೆ ಸುಳ್ಳಲ್ಲ. ಆದರೆ ಚಿಕ್ಕಮ್ಮನಿಗಾಗಿ ಬರೆದ ಕತೆಯನ್ನು ಚಿಕ್ಕಮ್ಮನೇ ಓದುವುದಿಲ್ಲ. ಹಾಗಾಗಿ ನಿಮಗೆ ಹೇಳುತ್ತೇನೆ.

ಅಕ್ಕ ಐಸಿಯು ಫಾರ್ಮಸಿಸ್ಟ್. ಕತೆ ನಡೆಯುವಾಗ ಇನ್ನೂ ಟ್ರೈನಿ. ಆರು ವರ್ಷ ಓದಿ, ಆಮೇಲೆ ಒಂದು ವರ್ಷ ಬರೀ ಐಸಿಯುವಿನಲ್ಲಿ ತರಬೇತಿ. ಬೆಳಗ್ಗೆ ಏಳಕ್ಕೆ ಹೋಗಿ, ಒಂಬತ್ತಕ್ಕೆ ಡಾಕ್ಟರ್‌ಗಳು ರೌಂಡ್ಸ್ ಶುರುಮಾಡುವ ಮೊದಲು, ಹನ್ನೆರಡು ಬೆಡ್ಡಿನ ಹನ್ನೆರಡು ಚಾರ್ಟನ್ನೂ ಓದಿ ಮುಗಿಸಬೇಕು. ಒಬ್ಬೊಬ್ಬರಿಗೆ ಹದಿನೈದು, ಇಪ್ಪತ್ತು ಮದ್ದು. ಯಾವ ಮದ್ದು ಯಾವುದರ ಜೊತೆ ಒಂದೇ ನಳಿಕೆಯಲ್ಲಿ ಹೋದರೆ ಮೊಸರಿನಂತೆ ಒಡೆಯುತ್ತದೆ, ಯಾವ ಮಾತ್ರೆಯನ್ನು ಪುಡಿ ಮಾಡಬಾರದು, ಕಿಡ್ನಿ ಕುಂಟುತ್ತಿರುವಾಗ ಯಾವುದನ್ನು ಅರ್ಧಕ್ಕೆ ಇಳಿಸಬೇಕು, ಯಾವುದರ ಕೆಲಸ ಮೊನ್ನೆಯೇ ಮುಗಿದಿದ್ದರೂ ಯಾರೂ ನಿಲ್ಲಿಸಿ ಅನ್ನದೆ ಹಾಗೇ ಹರಿಯುತ್ತಿದೆ.

ಇದನ್ನೆಲ್ಲ ಕಲಿಸುವವರು ಸೊನ್ನೆ ಮೇಡಂ. ಹಿರಿಯ ಫಾರ್ಮಸಿಸ್ಟ್. ಅಡ್ಡಹೆಸರು ಟ್ರೈನಿಗಳು ಇಟ್ಟದ್ದು. ಐದು ಮಿಲಿಗ್ರಾಂ ಅನ್ನುವುದನ್ನು ಯಾರಾದರೂ ಚುಕ್ಕಿ ಇಟ್ಟು ಮುಂದೆ ಸೊನ್ನೆ ಬರೆದರೆ ಮೇಡಂ ಆ ಕಾಗದ ಹಿಡಿದುಕೊಂಡು ಇಡೀ ವಾರ್ಡಿಗೆ ಕೇಳುವ ಹಾಗೆ ಕೇಳುತ್ತಾರೆ: “ಈ ಚುಕ್ಕಿ ಸವೆದು ಹೋದ್ರೆ ಇದು ಐವತ್ತು. ಆಗ ಆ ಸೊನ್ನೆ ಯಾರ ತಲೆ ಮೇಲೆ ಕೂರುತ್ತೆ? ನಿಮ್ಮ ತಲೆ ಮೇಲಾ, ಪೇಷಂಟ್ ತಲೆ ಮೇಲಾ?”

(ಅಕ್ಕನಿಗೆ ಈ ಭಾಗ ಇಷ್ಟವಾಯಿತು. ಆದರೆ ‘ಮೊಸರಿನಂತೆ’ ಅನ್ನುವುದರ ಪಕ್ಕ, ‘ಎಲ್ಲವೂ ಅಲ್ಲ, ಕೆಲವು ಬಣ್ಣ ಕೂಡ ಬದಲಿಸಲ್ಲ, ಅವೇ ಹೆಚ್ಚು ಅಪಾಯ’ ಅಂತ ಬರೆದಿದ್ದಾಳೆ. ಸಹಿಯೊಂದಿಗೆ.)

೩ (ಇದು ಹರಿದು ಹಾಕಿದ ಕರಡು. ಮೊದಲು ಓದಿಬಿಡಿ, ಯಾಕೆ ಹರಿದೆ ಅಂತ ಆಮೇಲೆ ಹೇಳುತ್ತೇನೆ.)

ನಾಲ್ಕನೇ ಬೆಡ್ಡಿನಲ್ಲಿ ಒಬ್ಬರು ಡ್ರೈವಿಂಗ್ ಮೇಡಂ. ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡು ಅರ್ಧ ಊರಿಗೆ ಕಾರು ಕಲಿಸಿದವರು. ವಯಸ್ಸು ಐವತ್ತೆರಡು. ಜೀವಮಾನವಿಡೀ ಹೊಸಬರ ಪಕ್ಕದ ಸೀಟಿನಲ್ಲಿ ಕೂತು ಏನೂ ಆಗದೆ ಇದ್ದವರು, ಸ್ವಂತ ಮನೆಯ ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಫಿಟ್ಸ್ ಬಂತು. ಫಿಟ್ಸ್ ತಡೆಯಲು ಫೆನಿಟಾಯಿನ್ ಅನ್ನುವ ಮದ್ದು ಶುರುಮಾಡಿದರು. ಹಳೆಯ ಮದ್ದು, ಒಳ್ಳೆಯ ಮದ್ದು, ಆದರೆ ಮುಂಗೋಪಿ. ರಕ್ತದಲ್ಲಿ ಅದರ ಮಟ್ಟ ಹತ್ತರಿಂದ ಇಪ್ಪತ್ತರೊಳಗೆ ಇರಬೇಕು. ಕಡಿಮೆಯಾದರೆ ಫಿಟ್ಸ್, ಹೆಚ್ಚಾದರೆ ಮಂಪರು.

ಆರನೇ ದಿನ ಲ್ಯಾಬಿನಿಂದ ಬಂದ ಅಂಕಿ ಎಂಟು. ಅಕ್ಕ ತನ್ನ ಲೆಕ್ಕ ಹಾಕಿದಳು, ಒಂಬತ್ತು ಚಿಲ್ಲರೆ ಬಂತು. ಆಗಲೂ ಹತ್ತರ ಕೆಳಗೆ. ರೌಂಡ್ಸಿನಲ್ಲಿ, ಎಂಟು ಜನ ಡಾಕ್ಟರ್‌ಗಳ ಮುಂದೆ, ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು, “ಸರ್, ಡೋಸ್ ಏರಿಸಬೇಕು” ಅಂದಳು. ದೊಡ್ಡ ಡಾಕ್ಟರ್ ಚಾರ್ಟ್ ನೋಡಿದರು, ಅಕ್ಕನನ್ನು ನೋಡಿದರು. “ಗುಡ್ ಕ್ಯಾಚ್” ಅಂದರು. ಸಹಿ ಹಾಕಿದರು.

ಅವತ್ತು ಅಕ್ಕ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ, “ಅಜ್ಜೀ, ನನ್ನ ಮಾತು ಕೇಳಿದ್ರು!” ಅಂತ ಕೂಗಿದಳು.

ಅಜ್ಜಿ ಕುರ್ಚಿಯಿಂದಲೇ, “ಕೇಳದೆ ಏನ್ ಮಾಡ್ತಾರೆ? ನಿನ್ನ ಗಂಟಲು ಸಣ್ಣದಾ?” ಅಂದರು. ಆದರೆ ಆ ಸಂಜೆ ಪಕ್ಕದ ಮನೆಯವರಿಗೆ, ಹಾಲಿನವನಿಗೆ, ರಾಂಗ್ ನಂಬರಿಗೆ ಫೋನ್ ಮಾಡಿದ ಯಾರೋ ಪುಣ್ಯಾತ್ಮನಿಗೆ ಕೂಡ, “ನನ್ನ ಮೊಮ್ಮಗಳ ಮಾತು ದೊಡ್ಡ ಡಾಕ್ಟ್ರೇ ಕೇಳ್ತಾರೆ” ಅಂತ ಹೇಳಿದರು.

ನಾನು ಒಂದೇ ಉಸಿರಿಗೆ ಕತೆ ಬರೆದು ಮುಗಿಸಿದೆ. ಟ್ರೈನಿ ಹುಡುಗಿ, ಮಾತಾಡಲು ಹೆದರುತ್ತಿದ್ದವಳು, ಒಂದು ಮಾತಾಡಿದಳು, ಒಂದು ಜೀವ ಉಳಿಯಿತು. ಶುಭಂ.

೩, ಮತ್ತೆ

ಹರಿದದ್ದು ಆರು ದಿನ ಕಳೆದ ಮೇಲೆ. ಆ ಕತೆಯಲ್ಲಿ ಹೆಮ್ಮೆ ಇತ್ತು, ಓಟ ಇತ್ತು. ಲೆಕ್ಕವೊಂದು ತಪ್ಪಿತ್ತು.

ಅಕ್ಕ ನನಗೆ ವಿವರಿಸಿದ್ದನ್ನು ಅಡುಗೆಮನೆಯ ಮೇಜಿನ ಮುಂದೆ ವಿವರಿಸಿದ ಹಾಗೆಯೇ ಹೇಳುತ್ತೇನೆ. ಅಜ್ಜಿಯೂ ಇದ್ದರು.

“ರಕ್ತದಲ್ಲಿ ಅಲ್ಬುಮಿನ್ ಅಂತ ಒಂದು ಪ್ರೋಟೀನ್ ಇರುತ್ತೆ ಅಜ್ಜಿ. ಕುರ್ಚಿ ಅಂತಿಟ್ಕೋ. ಈ ಮದ್ದಿನಲ್ಲಿ ಹತ್ತು ಜನ ಬಂದ್ರೆ ಒಂಬತ್ತು ಜನ ಕುರ್ಚಿ ಹಿಡಿದು ಕೂತ್ಬಿಡ್ತಾರೆ. ಕೂತವರು ಏನೂ ಮಾಡಲ್ಲ. ನಿಂತಿರೋ ಒಬ್ಬನೇ ಕೆಲಸ ಮಾಡೋದು.”

“ನಮ್ಮ ಮನೆ ಕಂಡ ಹಾಗಾಯ್ತು,” ಅಂದರು ಅಜ್ಜಿ, ನನ್ನತ್ತ ನೋಡಿ.

“ಈಗ ಪೇಷಂಟ್ ತುಂಬಾ ಸುಸ್ತಾಗಿ ಕುರ್ಚಿ ಅರ್ಧಕ್ಕರ್ಧ ಮಾಯವಾಯ್ತು ಅನ್ಕೋ. ಕೂರಕ್ಕೆ ಜಾಗ ಇಲ್ಲ. ಎಲ್ಲರೂ ಎದ್ದು ಕೆಲಸಕ್ಕೆ ಇಳೀತಾರೆ. ಆದ್ರೆ ಲ್ಯಾಬ್‌ನೋರು ಎಣಿಸೋದು ಬರೀ ತಲೆ. ಎಷ್ಟು ಜನ ಕೂತಿದ್ದಾರೆ, ಎಷ್ಟು ಜನ ನಿಂತಿದ್ದಾರೆ ಅಂತ ಅವರು ನೋಡಲ್ಲ.”

“ಅಂದ್ರೆ ತಲೆ ಕಮ್ಮಿ ಇದ್ರೂ ಕೆಲಸ ಜಾಸ್ತಿ.”

“ಅಷ್ಟೇ ಅಜ್ಜಿ. ಅದಕ್ಕೇ ನಾವು ಕುರ್ಚಿ ಎಷ್ಟಿದೆ ಅಂತ ನೋಡಿ ಲೆಕ್ಕ ತಿದ್ದಬೇಕು. ನಾನು ತಿದ್ದಿದೆ. ಸೂತ್ರ ಸರಿ ಹಾಕಿದೆ. ಗುಣಿಸಿದ್ದು ಸರಿ, ಭಾಗಿಸಿದ್ದು ಸರಿ. ಎರಡು ಸಲ ತಾಳೆ ನೋಡಿದೆ.” ಆಮೇಲೆ, “ಕುರ್ಚಿ ಲೆಕ್ಕ ಮಾತ್ರ ಆಕೆ ಆಸ್ಪತ್ರೆಗೆ ಬಂದ ಮೊದಲನೇ ದಿನದ್ದು,” ಅಂದಳು.

ಬಂದ ದಿನ ಅಲ್ಬುಮಿನ್ ಮೂರು ಪಾಯಿಂಟ್ ಎಂಟು. ಆರನೇ ದಿನ ಅದು ಒಂದು ಪಾಯಿಂಟ್ ಎಂಟಕ್ಕೆ ಕುಸಿದಿತ್ತು. ಆ ರಿಪೋರ್ಟ್ ಚಾರ್ಟಿನ ಮುಂದಿನ ಹಾಳೆಯಲ್ಲೇ ಇತ್ತು. ಅಕ್ಕ ಹಾಳೆ ಮಗುಚಲಿಲ್ಲ. ಮಗುಚಿದ್ದರೆ ಆ ಎಂಟು ಅನ್ನುವುದು ನಿಜವಾಗಿ ಹದಿನೇಳು, ಮದ್ದು ಸಾಕಷ್ಟಿದೆ, ಮುಟ್ಟಬೇಡಿ ಅಂತ ಗೊತ್ತಾಗುತ್ತಿತ್ತು.

ಸಾಕಷ್ಟಿದ್ದ ಮದ್ದನ್ನು ಅಕ್ಕ ಏರಿಸಿದ್ದಳು. ಈ ಮದ್ದಿನ ಗುಣ ಒಲೆ ಮೇಲಿನ ಹಾಲಿನ ಹಾಗೆ. ಒಂದು ಮಟ್ಟದವರೆಗೆ ತೆಪ್ಪಗಿರುತ್ತದೆ. ಆಮೇಲೆ ಒಂದು ಚೂರು ಉರಿ ಏರಿಸಿದರೂ ಉಕ್ಕಿ ಹೊರಗೆ.

೪

ಹನ್ನೆರಡನೇ ದಿನ, ಮಂಗಳವಾರ ಬೆಳಗ್ಗೆ, ಏಳೂಕಾಲು. (ನೋಡು ಅಕ್ಕ, ವಾರ, ಗಂಟೆ ಎಲ್ಲ ಹಾಕಿದೆ.)

ಡ್ರೈವಿಂಗ್ ಮೇಡಂ ಎದ್ದಿರಲಿಲ್ಲ. ನಿದ್ದೆ ಬರಿಸುವ ಮದ್ದನ್ನೆಲ್ಲ ನಿಲ್ಲಿಸಿ ನಾಲ್ಕು ದಿನವಾಗಿತ್ತು. ಸ್ಕ್ಯಾನಿನಲ್ಲಿ ಊತವೂ ಇಳಿದಿತ್ತು. ಆದರೂ ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ಫಿಟ್ಸ್ ಮದ್ದಿನ ಹೊಸ ರಿಪೋರ್ಟ್ ಬಂದಿತ್ತು: ಹದಿನಾಲ್ಕು. ಹತ್ತರಿಂದ ಇಪ್ಪತ್ತರ ನಟ್ಟನಡುವೆ. ಲ್ಯಾಬಿನವರು ಕೆಂಪು ಗುರುತು ಕೂಡ ಹಾಕಿರಲಿಲ್ಲ. ಎಲ್ಲರ ಪ್ರಕಾರವೂ ಮದ್ದು ಸರಿಯಾಗಿದೆ, ಹಾಗಾದರೆ ಏಳದೆ ಇರುವುದು ಮಿದುಳು. ಹನ್ನೊಂದು ಗಂಟೆಗೆ ದೊಡ್ಡ ಡಾಕ್ಟರ್ ಆಕೆಯ ಮಗಳನ್ನು ಕೂರಿಸಿಕೊಂಡು, ‘ಇನ್ನು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ’ ಅಂತ ಹೇಳುವುದೆಂದು ಗೊತ್ತಾಗಿತ್ತು.

ನಾಲ್ಕನೇ ಬೆಡ್ಡಿನ ಸಿಸ್ಟರ್, ಹದಿನೆಂಟು ವರ್ಷ ಐಸಿಯುವಿನಲ್ಲಿ ಸವೆದ ಕೈ, ದಿಂಬು ಸರಿಮಾಡುತ್ತ ಸುಮ್ಮನೆ ಅಂದರು: “ರೆಪ್ಪೆ ಎತ್ತಿ ನೋಡಿದ್ರೆ ಕಣ್ಣು ಪಕ್ಕಕ್ಕೆ ಪಟಪಟ ಅಂತ ಹೊಡ್ಕೊಳ್ತಿದೆ. ನಿನ್ನೆಯಿಂದ ಹೀಗೆ. ಬರೆದಿದ್ದೀನಿ. ಯಾರು ಓದ್ತಾರೆ ನನ್ನ ಅಕ್ಷರ?”

ಅಕ್ಕ ಓದಿದಳು. ಕಣ್ಣು ಪಟಪಟ ಪಕ್ಕಕ್ಕೆ ಹೊಡೆದುಕೊಳ್ಳುವುದು ಆ ಮದ್ದು ಉಕ್ಕಿದಾಗ. ಆದರೆ ಮಟ್ಟ ಹದಿನಾಲ್ಕು. ಕುರ್ಚಿ ಎಷ್ಟು? ಈ ಸಲ ಹಾಳೆ ಮಗುಚಿದಳು. ಒಂದು ಪಾಯಿಂಟ್ ಎಂಟು. ಮುಂಗೈ ಮೇಲೆಯೇ ಪೆನ್ನಿನಲ್ಲಿ ಲೆಕ್ಕ ಹಾಕಿದಳು. ಮೂವತ್ತು.

ಇನ್ನೊಂದು ಹಾಳೆ ಹಿಂದಕ್ಕೆ ಮಗುಚಿದಳು. ಆರನೇ ದಿನ. ತನ್ನದೇ ಅಕ್ಷರ, ತನ್ನದೇ ಲೆಕ್ಕ, ಪಕ್ಕದಲ್ಲಿ ‘ಒಪ್ಪಲಾಗಿದೆ’.

(ಇಲ್ಲಿ ನಾನು ಒಂದು ಪ್ಯಾರಾ ಬರೆದಿದ್ದೆ. ಅದರಲ್ಲಿ ಅಕ್ಕನ ಕಾಲ ಕೆಳಗಿನ ನೆಲ ಬಾಯಿಬಿಡುತ್ತಿತ್ತು, ಪಂಪುಗಳೆಲ್ಲ ಒಟ್ಟಿಗೆ ಅಳುತ್ತಿದ್ದವು. ಅಕ್ಕ ಓದಿ, “ನೆಲ ಸರಿಯಾಗೇ ಇತ್ತು. ನಾನು ಹೋಗಿ ನೀರು ಕುಡಿದೆ. ಅಷ್ಟು ಬರಿ ಸಾಕು,” ಅಂದಳು. ಅಷ್ಟು ಬರೆದಿದ್ದೇನೆ.)

೫

ಒಂದು ಮಾತು ನಿಮಗೆ ಮೊದಲೇ ಹೇಳಬೇಕಿತ್ತು. ಅದು ಅಕ್ಕನ ತರಬೇತಿ ಮುಗಿಯುವ ವಾರ. ಶುಕ್ರವಾರ ಕೊನೆಯ ಸಂದರ್ಶನ. ಮೂವರು ಕೂರುತ್ತಾರೆ: ಸೊನ್ನೆ ಮೇಡಂ, ದೊಡ್ಡ ಡಾಕ್ಟರ್, ಹೊರಗಿನ ಆಸ್ಪತ್ರೆಯಿಂದ ಬಂದ ಒಬ್ಬರು. ಅವರ ಮುಂದೆ ಅಕ್ಕನ ಲಾಗ್‌ಬುಕ್ ಇರುತ್ತದೆ. ವರ್ಷವಿಡೀ ಕೊಟ್ಟ ಸಲಹೆಗಳೆಲ್ಲ ಅದರಲ್ಲಿ. ಒಪ್ಪಿದ ಮೊದಲ ಸಲಹೆ, ಪುಟ ಒಂದರಲ್ಲಿ ಅಂದವಾಗಿ ಬರೆದದ್ದು, ನಾಲ್ಕನೇ ಬೆಡ್ಡಿನ ಡೋಸ್ ಏರಿಸಿದ್ದೇ.

(“ವರ್ಷದ ಕೊನೇಲಿ ಒಪ್ಪಿದ್ದು ಪುಟ ಒಂದರಲ್ಲಿ ಹೇಗೆ ಬರುತ್ತೆ? ವರ್ಷವಿಡೀ ಮೇಡಂ ಮೂಲಕ ಹೇಳಿಸ್ತಿದ್ದೆ. ನಾನೇ ರೌಂಡ್ಸಲ್ಲಿ ಹೇಳಿದ್ದು ಅದೇ ಮೊದಲು. ಪುಟ ನೂರಾ ಹನ್ನೊಂದು.” ಸರಿ. ಪುಟ ನೂರಾ ಹನ್ನೊಂದು.)

ಅಕ್ಕ ಸೊನ್ನೆ ಮೇಡಂ ಹತ್ತಿರ ಹೋದಳು. ಮೇಡಂ ಫಾರ್ಮಸಿಯ ಹಿಂದಿನ ಸಣ್ಣ ಕೋಣೆಯಲ್ಲಿ ಫ್ರಿಜ್ಜಿನ ತಾಪಮಾನ ಬರೆದುಕೊಳ್ಳುತ್ತಿದ್ದರು. ಕೇಳಿದರು. ಬರೆಯುವುದು ನಿಲ್ಲಿಸಿ ಮತ್ತೆ ಕೇಳಿದರು. ಅವರೇ ಲೆಕ್ಕ ಹಾಕಿದರು. ಮೂವತ್ತೇ ಬಂತು.

“ರೌಂಡ್ಸಿಗೆ ಇನ್ನು ಮುಕ್ಕಾಲು ಗಂಟೆ,” ಅಂದರು. “ಬೆಳಗಿನ ಡೋಸ್ ಸಿಸ್ಟರ್‌ಗೆ ಹೇಳಿ ತಡೆಹಿಡಿಸು, ಡ್ಯೂಟಿ ಡಾಕ್ಟರ್‌ಗೆ ನಾನು ಫೋನ್ ಮಾಡ್ತೀನಿ. ಉಳಿದಿದ್ದು ರೌಂಡ್ಸಲ್ಲಿ. ಯಾರು ಹೇಳೋದು, ನಾನಾ, ನೀನಾ?”

ಅಕ್ಕ ಮುಂಗೈ ಮೇಲಿನ ಅಂಕಿ ನೋಡಿಕೊಂಡಳು.

“ಮಟ್ಟ ತಿದ್ದಿ ನೋಡಿದಾಗ ಜಾಸ್ತಿ ಇದೆ, ನಿಲ್ಲಿಸೋಣ ಅಂತ ನಾನೇ ಹೇಳಬಹುದು. ಪೇಷಂಟ್‌ಗೆ ಆಗಬೇಕಾದ್ದು ಆಗುತ್ತೆ. ಏರಿಸಿದ್ದು ಯಾರು ಅಂತ ಅಲ್ಲಿ ಯಾರೂ ಕೇಳಲ್ಲ.” ಮೇಡಂ ಕನ್ನಡಕ ತೆಗೆದು ಒರೆಸಿದರು. “ನಿನ್ನನ್ನ ಪರೀಕ್ಷೆ ಮಾಡ್ತಿಲ್ಲ. ನಿಜವಾಗ್ಲೂ ಕೇಳ್ತಿದ್ದೀನಿ.”

೬

ಓದುಗರೇ, ಮೂರು ದಾರಿ ಇದೆ. ಅಜ್ಜಿಯ ಕತೆಗಳಲ್ಲಿ ಯಾವಾಗಲೂ ಮೂರು ದಾರಿ: ಒಂದರಲ್ಲಿ ಹೋದವ ತಿರುಗಿ ಬರುತ್ತಾನೆ, ಇನ್ನೊಂದರಲ್ಲಿ ಹೋದವ ಬರಬಹುದು, ಮೂರನೆಯದನ್ನು ಕೇಳಲೇಬೇಡಿ.

ಮೊದಲನೇ ದಾರಿ: ಸೊನ್ನೆ ಮೇಡಂ ಹೇಳುತ್ತಾರೆ. ಡ್ರೈವಿಂಗ್ ಮೇಡಂಗೆ ಒಂದು ಕೂದಲೂ ಕೊಂಕುವುದಿಲ್ಲ. ಶುಕ್ರವಾರ ಲಾಗ್‌ಬುಕ್ ಫಳಫಳ ಹೊಳೆಯುತ್ತದೆ. (ನಿಜ ಹೇಳುತ್ತೇನೆ, ತಂಗಿಯಾಗಿ ನಾನು ಆರಿಸುವುದು ಇದನ್ನೇ. ಕತೆಗಾರ್ತಿಯಾಗಿ ಎರಡನೆಯದು. ಒಳಗೆ ಇಬ್ಬರೂ ಜುಟ್ಟು ಹಿಡಿದುಕೊಂಡಿದ್ದಾರೆ.)

ಎರಡನೆಯದು: ಅಕ್ಕ ಹೇಳುತ್ತಾಳೆ. ಆಮೇಲೆ ಏನೂ ಆಗಬಹುದು.

ಮೂರನೆಯದನ್ನು ಕೇಳಲೇಬೇಡಿ.

ಅಕ್ಕನ ಮುಂದೆ ಈ ಪುಟ ಇಟ್ಟಾಗ ಅವಳು ಕೆಂಪು ಪೆನ್ನು ಎತ್ತಲಿಲ್ಲ. “ನಾನು ಅಷ್ಟೆಲ್ಲ ಯೋಚನೆ ಮಾಡ್ಲಿಲ್ಲ ಕಣೇ. ಒಂದೇ ಅಂದ್ಕೊಂಡೆ. ಇವತ್ತು ಇದನ್ನ ಮೇಡಂ ಹೇಳಿದ್ರೆ, ಇನ್ಮೇಲೆ ನಾನು ರೌಂಡ್ಸಲ್ಲಿ ಬಾಯಿಬಿಟ್ಟಾಗೆಲ್ಲ ನನಗೇ ನನ್ನ ಮಾತು ನಂಬಕ್ಕಾಗಲ್ಲ. ನಾನೇ ನಂಬದೆ ಇರೋ ಮಾತನ್ನ ಡಾಕ್ಟರ್ ಯಾಕೆ ನಂಬಬೇಕು?”

ನಾನು ಅದನ್ನು ಹಾಗೆಯೇ ಬರೆದುಕೊಂಡೆ. ಇನ್ನು ಈ ಕತೆಯಲ್ಲಿ ನಾನು ಇಷ್ಟು ಒಳ್ಳೆಯ ಮಾತು ಬರೆಯಲಾರೆ ಅನ್ನುವುದೂ ಗೊತ್ತಾಯಿತು.

೭

ರೌಂಡ್ಸ್ ನಾಲ್ಕನೇ ಬೆಡ್ಡಿಗೆ ಬಂದಾಗ ಒಂಬತ್ತೂವರೆ. ಚಿಕ್ಕ ಡಾಕ್ಟರ್ ಗಡಗಡ ಓದಿದ: ಹನ್ನೆರಡನೇ ದಿನ, ಊತ ಇಳಿದಿದೆ, ಎಚ್ಚರವಿಲ್ಲ, ಹನ್ನೊಂದಕ್ಕೆ ಮಗಳೊಂದಿಗೆ ಮಾತು.

“ಸರ್,” ಅಂದಳು ಅಕ್ಕ. ಚಾರ್ಟ್ ಅವಳ ಕೈಯಲ್ಲೇ ಇತ್ತು. “ಇವರ ಫೆನಿಟಾಯಿನ್ ಹದಿನಾಲ್ಕಲ್ಲ, ಮೂವತ್ತು. ಅಲ್ಬುಮಿನ್ ಒಂದು ಪಾಯಿಂಟ್ ಎಂಟು. ಸಿಸ್ಟರ್ ನಿನ್ನೆಯೇ ಕಣ್ಣು ಹೊಡ್ಕೊಳ್ತಿದೆ ಅಂತ ಬರೆದಿದ್ದಾರೆ. ಬೆಳಗಿನ ಡೋಸ್ ತಡೆಹಿಡಿದಿದ್ದೀವಿ. ಅದನ್ನ ನಿಲ್ಲಿಸಿ ಬೇರೆ ಮದ್ದಿಗೆ ಹೋಗೋಣ. ಇವರು ಏಳದೆ ಇರೋದು ಮದ್ದಿನಿಂದ ಇರಬಹುದು.”

ದೊಡ್ಡ ಡಾಕ್ಟರ್ ಚಾರ್ಟಿಗೆ ಕೈಚಾಚಿದರು. ಅಕ್ಕ ಚಾರ್ಟ್ ಕೊಡಲಿಲ್ಲ, ಇನ್ನೂ ಮುಗಿದಿರಲಿಲ್ಲ.

“ಆರನೇ ದಿನ ಏರಿಸಿ ಅಂತ ಹೇಳಿದ್ದು ನಾನು. ಲೆಕ್ಕ ಸರಿ ಇತ್ತು, ಹಾಕಿದ ಅಲ್ಬುಮಿನ್ ಹಳೇದು. ಹೊಸದು ಮುಂದಿನ ಹಾಳೆಯಲ್ಲಿತ್ತು. ನಾನು ನೋಡ್ಲಿಲ್ಲ.”

ಆಮೇಲೆ ಕೊಟ್ಟಳು.

ವೆಂಟಿಲೇಟರ್ ಒಂದು ಉಸಿರು ಒಳಗೆ, ಒಂದು ಉಸಿರು ಹೊರಗೆ. ಚಿಕ್ಕ ಡಾಕ್ಟರ್ ತನ್ನ ಶೂ ನೋಡಿಕೊಂಡ. ಸೊನ್ನೆ ಮೇಡಂ ಸೀದಾ ಎದುರಿಗೆ ನೋಡುತ್ತಿದ್ದರು, ಗೋಡೆಯ ಮೇಲೆ ಏನೋ ಬಹಳ ಮುಖ್ಯವಾದದ್ದು ಬರೆದಿರುವ ಹಾಗೆ.

ದೊಡ್ಡ ಡಾಕ್ಟರ್ ಆರನೇ ದಿನದ ಹಾಳೆ ತೆಗೆದರು. “ಇದರ ಕೆಳಗೆ ನನ್ನ ಸಹಿಯೂ ಇದೆಯಲ್ಲ,” ಅಂದರು. “ನಾನೂ ಮಗುಚ್ಲಿಲ್ಲ.” ಚಾರ್ಟ್ ಮುಚ್ಚಿ, “ಇಳಿಯೋಕೆ ಎಷ್ಟು ದಿನ?”

“ನಾಲ್ಕು, ಐದು. ಇದು ನಿಧಾನ ಸರ್.”

“ಐದು ದಿನ ಕಾಯೋಣ. ಹನ್ನೊಂದು ಗಂಟೆಗೆ ಮಗಳ ಹತ್ತಿರ ಮಾತಾಡೋದು ಬೇರೆ ಆಯ್ತು.” ಮುಂದಿನ ಬೆಡ್ಡಿನತ್ತ ತಿರುಗಿದವರು ನಿಂತರು. “ನೀವೂ ಬರಬೇಕಮ್ಮ.”

(ಇಲ್ಲಿ ಡಾಕ್ಟರ್ ಬೈಯಬೇಕಿತ್ತು ಅಂತ ನನ್ನ ಸ್ನೇಹಿತೆ ಹೇಳಿದಳು, ಸಂಘರ್ಷ ಇಲ್ಲದೆ ಕತೆ ಸಪ್ಪೆಯಂತೆ. ಬೈಯುವ ಡಾಕ್ಟರೊಬ್ಬರನ್ನು ಬರೆದೂ ನೋಡಿದೆ. ಅವರು ಬೈಯುತ್ತ ಬೈಯುತ್ತ ನನ್ನ ಕೈಮೀರಿ ಖಳನಾಯಕರಾದರು, ಮೀಸೆ ತಿರುವಿದರು. ವಾಪಸ್ ಕಳಿಸಿದೆ.)

೮

ಮಗಳು. ಬ್ಯಾಂಕಿನ ಸಮವಸ್ತ್ರದಲ್ಲೇ ಬಂದಿದ್ದಳು, ಕತ್ತಿನಲ್ಲಿ ಐಡಿ ಕಾರ್ಡ್. ಹನ್ನೆರಡು ದಿನದಿಂದ ಐಸಿಯು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂತು, ಯಾರು ಬಾಗಿಲು ತೆರೆದರೂ ಎದ್ದು ನಿಲ್ಲುವುದು ಅಭ್ಯಾಸವಾಗಿತ್ತು.

ದೊಡ್ಡ ಡಾಕ್ಟರ್ ಸುತ್ತಿಬಳಸದೆ ಹೇಳಿದರು: ಮದ್ದು ಹೆಚ್ಚಾಗಿತ್ತು, ನಮ್ಮಿಂದ ತಪ್ಪಾಗಿದೆ, ನಿಲ್ಲಿಸಿದ್ದೇವೆ.

“ಅಂದ್ರೆ ಅಮ್ಮನ್ನ ನೀವೇ ಮಲಗಿಸಿದ್ದಾ?”

ಉತ್ತರ ಅಕ್ಕ ಕೊಟ್ಟಳು. “ಎಷ್ಟು ಪೆಟ್ಟಿನಿಂದ, ಎಷ್ಟು ಮದ್ದಿನಿಂದ ಅಂತ ಇವತ್ತು ಗೊತ್ತಿಲ್ಲ. ಮದ್ದು ಇಳಿದ ಮೇಲೆ ಗೊತ್ತಾಗುತ್ತೆ. ಲೆಕ್ಕ ಹಾಕಿದ್ದು ನಾನು.”

ಮಗಳು ಅಕ್ಕನನ್ನು ನೋಡಿದಳು. ಹೆಚ್ಚುಕಮ್ಮಿ ಒಂದೇ ವಯಸ್ಸು ಇಬ್ಬರದೂ. “ನಿಮ್ಮಮ್ಮ ಆಗಿದ್ರೆ?” ಅಂದಳು.

ಇಷ್ಟೇ. ಅಳಲಿಲ್ಲ, ಕೂಗಲಿಲ್ಲ. ಎದ್ದು ಹೋದಳು.

ಇಲ್ಲಿ ನನಗೆ ಬರೆಯಲಾಗದೆ ಎರಡು ವಾರ ಕತೆ ನಿಂತಿತ್ತು. ಅಕ್ಕನ ಪಕ್ಷ ವಹಿಸಿ ಒಂದು ವಾಕ್ಯವಾದರೂ ಸೇರಿಸಬೇಕೆಂದು ಒದ್ದಾಡಿದೆ. ಅಕ್ಕ ಬಿಡಲಿಲ್ಲ. “ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಸೇರಿಸ್ಬೇಡ.”

೯

ಕಾಯುವುದನ್ನು ಹೇಗೆ ಬರೆಯುವುದು? ಅಜ್ಜಿಯ ಕತೆಗಳಲ್ಲಿ ಮದ್ದು ಯಾವಾಗಲೂ ದೂರದಲ್ಲಿರುತ್ತದೆ. ಏಳು ಸಮುದ್ರ ದಾಟಿ, ಹಾವು ಕಾಯುವ ಬೆಟ್ಟ ಹತ್ತಿ, ಬೇರು ಕಿತ್ತು ತಂದು ಮೂಗಿಗೆ ಹಿಡಿದರೆ ರಾಜಕುಮಾರಿ ಸೀನಿ ಎದ್ದು ಕೂರುತ್ತಾಳೆ. ನನ್ನ ನಾಯಕಿ ಎಲ್ಲಿಂದಲೂ ಏನನ್ನೂ ತರಲಿಲ್ಲ. ‘ಕೊಡಬೇಡಿ’ ಅಂದಳು. ಆಮೇಲೆ ದಿನಾ ಬೆಳಗ್ಗೆ ಹೋಗಿ ನೋಡಿದಳು. ಬುಧವಾರ ಇಲ್ಲ. ಗುರುವಾರ ಕಣ್ಣು ಹೊಡೆದುಕೊಳ್ಳುವುದು ನಿಂತಿತ್ತು, ಎಚ್ಚರ ಇಲ್ಲ.

“ಇದೆಂಥ ಕತೆಯೇ?” ಅಂದರು ಅಜ್ಜಿ. “ಏನೂ ಮಾಡ್ದೆ ಕೂತವಳು ನಾಯಕಿ ಹೇಗಾಗ್ತಾಳೆ?” ಆಮೇಲೆ ಅವರೇ, “ಕೊಡೋದು ಯಾವ ಕತ್ತೆಗೂ ಬರುತ್ತೆ. ಸಾಕು ಅನ್ನೋಕೆ ಎದೆ ಬೇಕು,” ಅಂದರು. ಅಜ್ಜಿ ತಮ್ಮ ಮಾತಿಗೆ ತಾವೇ ತಲೆದೂಗುವುದು ಅಪರೂಪ. ಅವತ್ತು ತೂಗಿದರು.

ಶುಕ್ರವಾರ. ಡ್ರೈವಿಂಗ್ ಮೇಡಂ ಇನ್ನೂ ಎದ್ದಿಲ್ಲ. ಸಂದರ್ಶನ ಮಾತ್ರ ಯಾರಿಗೂ ಕಾಯುವುದಿಲ್ಲ.

ಹೊರಗಿನಿಂದ ಬಂದವರು ಲಾಗ್‌ಬುಕ್ ತಿರುವುತ್ತ ಕೇಳಿದರಂತೆ: “ಈ ವರ್ಷ ನೀವು ಕೊಟ್ಟ ಅತಿ ಒಳ್ಳೆಯ ಸಲಹೆ?”

“ನಾಲ್ಕನೇ ಬೆಡ್. ಫೆನಿಟಾಯಿನ್ ನಿಲ್ಲಿಸಿ ಅಂದದ್ದು.”

“ಅತಿ ಕೆಟ್ಟದ್ದು?”

“ನಾಲ್ಕನೇ ಬೆಡ್. ಫೆನಿಟಾಯಿನ್ ಏರಿಸಿ ಅಂದದ್ದು.”

ಅವರು ತಲೆಯೆತ್ತಿದರು. “ಪೇಷಂಟ್ ಎದ್ದರಾ?”

“ಇನ್ನೂ ಇಲ್ಲ.”

“ಏಳದೆ ಇದ್ರೆ ಅದು ಒಳ್ಳೆಯ ಸಲಹೆ ಹೇಗಾಗುತ್ತೆ?”

ಅಕ್ಕ ಹೇಳಿದ್ದು: “ಏಳದೆ ಇದ್ರೆ ಅದು ಮದ್ದಿನಿಂದ ಅಲ್ಲ ಅಂತ ಅವರ ಮಗಳಿಗೆ ನಿಜ ಹೇಳಬಹುದು ಸರ್. ಮೊನ್ನೆ ಹನ್ನೊಂದು ಗಂಟೆಗೆ ಹೇಳೋಕೆ ಹೊರಟಿದ್ದು ನಿಜ ಅಂತ ಯಾರಿಗೂ ಗೊತ್ತಿರ್ಲಿಲ್ಲ.”

ಸೊನ್ನೆ ಮೇಡಂ ಪುಟ ನೂರಾ ಹನ್ನೊಂದು ತೆಗೆದು, ‘ಒಪ್ಪಲಾಗಿದೆ’ ಅನ್ನುವುದರ ಮೇಲೆ ಒಂದೇ ಗೆರೆ ಎಳೆದು, ‘ತಪ್ಪು’ ಅಂತ ಬರೆದು ಸಹಿ ಹಾಕಿದರು. ಮದ್ದು ನಿಲ್ಲಿಸಿ ಅಂದ ಸಲಹೆಯಿದ್ದ ಪುಟ ನೂರಾ ಹದಿನಾರು ತೆಗೆದು ‘ಸರಿ’ ಅಂತ ಬರೆದು ಸಹಿ ಹಾಕಿದರು. ಕೊನೆಯ ಪುಟ ತೆಗೆದು ತರಬೇತಿ ಪೂರ್ಣ ಅನ್ನುವಲ್ಲಿ ಮೂರನೇ ಸಹಿ. ಅಕ್ಕ ಕೆಳಗೆ ನೋಡಿಕೊಂಡೇ ಕೂತಿದ್ದಳು.

“ಹೋಗು, ಐದನೇ ಬೆಡ್ಡಿಗೆ ಹೊಸ ಪೇಷಂಟ್ ಬಂದಿದ್ದಾರೆ,” ಅಂದರು ಮೇಡಂ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿಲ್ಲ.

೧೦ (ಕ)

ಶನಿವಾರ. ಡ್ರೈವಿಂಗ್ ಮೇಡಂ ಎದ್ದದ್ದು ಹೀಗೆ ಅಂತ ನಾನು ಬರೆದಿದ್ದೆ: ಮೊದಲು ಅಲ್ಲಾಡಿದ್ದು ಬಲಗಾಲು. ಹಾಸಿಗೆಯ ತುದಿಯನ್ನು ಗಟ್ಟಿಯಾಗಿ ಒತ್ತಿತು, ಪಕ್ಕದಲ್ಲಿ ಯಾರೋ ಹೊಸಬ ಗಾಡಿಯನ್ನು ಗೋಡೆಗೆ ನುಗ್ಗಿಸುತ್ತಿರುವ ಹಾಗೆ, ಬ್ರೇಕ್!

ಬರೆದು ನಾನೇ ಚಪ್ಪಾಳೆ ತಟ್ಟಿಕೊಂಡೆ.

೧೦ (ಖ)

ಅಕ್ಕನ ಆವೃತ್ತಿ: “ಕಾಲಲ್ಲ. ಕೈ. ಸಿಸ್ಟರ್ ತಮ್ಮ ಎರಡು ಬೆರಳನ್ನ ಅವರ ಅಂಗೈಲಿಟ್ಟು, ಹಿಡೀರಿ ಅಂದ್ರು. ಹಿಡಿದ್ರು. ಎಲ್ಲರೂ ಖುಷಿಪಟ್ರು, ಸಿಸ್ಟರ್ ಮಾತ್ರ ಖುಷಿಪಡ್ಲಿಲ್ಲ. ಹಿಡಿಯೋದು ಎಚ್ಚರ ಇಲ್ಲದವರೂ ಮಾಡ್ತಾರೆ, ಕೂಸುಗಳೂ ಮಾಡ್ತಾವೆ. ಸಿಸ್ಟರ್ ಬಗ್ಗಿ ಕಿವಿ ಹತ್ರ, ಈಗ ಬಿಡಿ ಅಂದ್ರು.”

“ಬಿಟ್ರಾ?”

“ಬಿಟ್ರು. ಆಗ ಸಿಸ್ಟರ್ ಅತ್ರು.”

ನನ್ನ ಬ್ರೇಕನ್ನು ನಾನೇ ಒಂದು ಗೆರೆ ಎಳೆದು ಹೊಡೆದೆ. ಸಹಿ ಹಾಕಿದೆ.

೧೦ (ಗ)

ಹತ್ತು ದಿನದ ಮೇಲೆ ಡ್ರೈವಿಂಗ್ ಮೇಡಂರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ವಾರ್ಡಿಗೆ ಸಾಗಿಸಿದರು. ಮಗಳು ದೊಡ್ಡ ಡಾಕ್ಟರ್‌ಗೆ ಕೈಮುಗಿದಳು. ಸಿಸ್ಟರನ್ನು ತಬ್ಬಿಕೊಂಡಳು. ಬಾಗಿಲ ಹತ್ತಿರದ ಸೆಕ್ಯುರಿಟಿಯವರಿಗೂ ಥ್ಯಾಂಕ್ಸ್ ಹೇಳಿದಳು. ಅಕ್ಕ ಆರನೇ ಬೆಡ್ಡಿನ ಪಂಪಿನ ಮುಂದೆ ನಿಂತಿದ್ದಳು. ಮಗಳು ಅವಳ ಪಕ್ಕದಲ್ಲೇ ಹಾದು ಹೋದಳು.

ಅವಳನ್ನು ಅಲ್ಲೇ ಒಂದು ಗಳಿಗೆ ನಿಲ್ಲಿಸೋಣ ಅಂದೆ ನಾನು. ಒಂದು ಸಲ ತಿರುಗಿ ನೋಡಿದಳು ಅಂತಾದರೂ ಬರೆಯೋಣ. ಒಂದು ಸಣ್ಣ ನಗು. ಅರ್ಧ ನಗು. ಓದುಗರಿಗಾಗಿ.

“ಅದು ಓವರ್‌ಡೋಸ್,” ಅಂದಳು ಅಕ್ಕ. “ಅವಳ ಕೋಪ ಅವಳದ್ದು. ಇಟ್ಕೊಳ್ಲಿ. ಅವಳಮ್ಮ ಕೂತ್ಕೊಂಡು ಹೋದ್ರಲ್ಲ. ಹಿಂದಿನಿಂದ ನೋಡಿದೆ. ಕತ್ತು ನೆಟ್ಟಗಿತ್ತು.”

ಅದನ್ನು ಹೇಳುವಾಗ ಅಕ್ಕನ ಕತ್ತೂ ನೆಟ್ಟಗಿತ್ತು. (ಇದನ್ನು ಅವಳು ಹೊಡೆಯಲು ಬಂದಳು. ಕಾಗದ ಕಸಿದುಕೊಂಡೆ. ಲೇಖಕಿಗೂ ಒಂದು ಹಕ್ಕು ಬೇಡವೇ?)

೧೧

ಈಗ ಕತೆ ಮುಗಿಸಬೇಕು. ಮುಗಿಸಲು ಕೂತಾಗಲೇ ಅಕ್ಕ ಬಂದು, “ಒಂದರ್ಧ ಗಂಟೆ ಕೂರ್ತೀಯಾ? ನಾಳೆ ಹೊಸ ಟ್ರೈನಿಗಳಿಗೆ ನನ್ನ ಮೊದಲ ಕ್ಲಾಸು. ಹೇಳಿ ನೋಡ್ಬೇಕು,” ಅಂದಳು. ಅಜ್ಜಿಯನ್ನೂ ಕೂರಿಸಿದೆವು. ಹಳೆಯ ಕ್ಯಾಲೆಂಡರಿನ ಬೆನ್ನೇ ಬೋರ್ಡು.

ಅಕ್ಕ ಅಂಕಿಗಳನ್ನು ಬರೆದಳು. ಎಂಟು, ಹದಿನಾಲ್ಕು, ಮೂರು ಪಾಯಿಂಟ್ ಎಂಟು, ಒಂದು ಪಾಯಿಂಟ್ ಎಂಟು. ಕುರ್ಚಿ ಹೇಳಿದಳು, ಹಾಲು ಉಕ್ಕುವುದನ್ನು ಹೇಳಿದಳು, ಸಿಸ್ಟರ್ ಬರೆದ ಸಾಲು ಹೇಳಿದಳು. ಆಮೇಲೆ ನಮ್ಮಿಬ್ಬರತ್ತ ತಿರುಗಿ, ನಾವು ಇಪ್ಪತ್ತು ಜನ ಅನ್ನುವ ಹಾಗೆ, “ಈ ಲೆಕ್ಕ ಹಾಕಿದ ಟ್ರೈನಿ ಯಾರು ಅಂತ ನೀವು ಕೇಳಬಹುದು,” ಅಂದಳು.

ನಾನು ಕೈಯೆತ್ತಿ ಕೇಳಿದೆ. “ಯಾರು ಮೇಡಂ?”

“ನಾನೇ.”

ಅವಳು ಅದನ್ನು ಹೇಳಿದ ರೀತಿ ನಿಮಗೆ ಹೇಳಬೇಕು, ನನ್ನ ಕೈಲಾಗ್ತಿಲ್ಲ. ತಲೆ ತಗ್ಗಿಸಿ ಅಲ್ಲ, ಎದೆಯುಬ್ಬಿಸಿಯೂ ಅಲ್ಲ. ಹಾಜರಿ ಕರೆದಾಗ ಹೇಳುವ ಹಾಗೆ.

ಅಜ್ಜಿಯೂ ಕೈಯೆತ್ತಿದರು. “ಆಮೇಲೆ? ಆ ಹೆಂಗಸು ಮತ್ತೆ ಗಾಡಿ ಓಡಿಸಿದಳಾ?”

“ಗೊತ್ತಿಲ್ಲ ಅಜ್ಜಿ.”

“ಮನೆಗೆ ಹೋದಳು ತಾನೆ?”

“ವಾರ್ಡಿಗೆ ಹೋದ್ರು. ಅಲ್ಲಿಂದ ಮುಂದಿನದ್ದು ನಮಗೆ ಬರಲ್ಲ.”

“ಮಗಳ ಸಿಟ್ಟು ಇಳೀತಾ?”

“ಗೊತ್ತಿಲ್ಲ.”

ಎಂಬತ್ತಮೂರು ವರ್ಷದಲ್ಲಿ ಒಂದು ಕತೆಯನ್ನೂ ಅರ್ಧಕ್ಕೆ ಬಿಡದ ಅಜ್ಜಿ ಅಕ್ಕನನ್ನು ದಿಟ್ಟಿಸಿ ನೋಡಿದರು. ಈಗ ಬೈಯುತ್ತಾರೆ, ಬಿಡಿ, ಅದೇ ನನ್ನ ಕೊನೆಯ ಸಾಲು ಅಂತ ನಾನು ಪೆನ್ನು ಹಿಡಿದೆ. ಅಜ್ಜಿ ಬೈಯಲಿಲ್ಲ. ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು, ಸೆರಗು ಸರಿಮಾಡಿಕೊಂಡು, “ಹೋಗ್ಲಿ,” ಅಂದರು. “ಐದನೇ ಬೆಡ್ಡಲ್ಲಿ ಯಾರಿದ್ದಾರೆ, ಅವರಿಗೇನಾಗಿದೆ, ಹೇಳು.”

ಅಕ್ಕ ಕ್ಯಾಲೆಂಡರಿನ ಹಾಳೆ ಮಗುಚಿದಳು.